ರಾಶಿಯಲ್ಲೊಂದು ಪಾಲು, ಜೊತೆ ಕೂರುವವರಿಗೆ

ಭೇರ್ಯದ ಬಯಲಲ್ಲಿ ಇನ್ನೂ ಮಂಜು ಕರಗಿಲ್ಲ. ತಲೆಗೆ ಸೆರಗು ಹೊದ್ದು, ಕಂಕುಳಲ್ಲಿ ಖಾಲಿ ಚೀಲ ಮಡಚಿಟ್ಟುಕೊಂಡು ಪುಟ್ಟಸಿದ್ದಮ್ಮ ಗದ್ದೆಯ ಬದುವಿನ ಮೇಲೆ ನಿಂತಿದ್ದಾರೆ. ಇಬ್ಬನಿ ಆರದೆ ಕಟಾವು ಮಷೀನು ಗದ್ದೆಗೆ ಇಳಿಯುವುದಿಲ್ಲ. ಆದರೂ ಬೆಳಕು ಹರಿಯುವ ಮೊದಲೇ ಬಂದುಬಿಟ್ಟಿದ್ದಾರೆ. ಹೋದ ಸುಗ್ಗಿಯಲ್ಲಿ ಬಿಸಿಲೇರಿದ ಮೇಲೆ ಬಂದು, ಭತ್ತ ತುಂಬಿದ ಟ್ರ್ಯಾಕ್ಟರಿನ ಬೆನ್ನು ನೋಡಿಕೊಂಡು ಬರಿಗೈಲಿ ಹಿಂದಿರುಗಿದವರು ಅವರು.

"ಮಷೀನು ಇತ್ಲಾಗೆ ಕುಯ್ದು ಅತ್ಲಾಗೆ ಟ್ರ್ಯಾಕ್ಟರ್‌ಗೆ ತುಂಬ್ತದೆ. ಭತ್ತ ನೆಲಾನೇ ಮುಟ್ಟಾಕಿಲ್ಲ. ರಾಶಿನೇ ಇಲ್ದಿದ್ರೆ ಎಲ್ಲಿ ನಿಂತ್ಕಂಡು ಪಾಲು ಕೇಳ್ಲಿ, ನೀವೇ ಯೋಳಿ."

ಪುಟ್ಟಸಿದ್ದಮ್ಮ ಕೂಲಿ ಮಾಡಿ ಬದುಕಿದವರು. ಗಂಡ ನಿಂಗರಾಜು ಅವರನ್ನು "ಇನ್ನು ಮನೆಯಲ್ಲೇ ನೋಡಿಕೊಳ್ಳಿ" ಎಂದು ಆಸ್ಪತ್ರೆಯವರು ಕಳಿಸಿದಾಗ ಮನೆ ಕಡೆ ಯಾರೂ ಸುಳಿಯಲಿಲ್ಲ. ಏನು ಮಾತಾಡಬೇಕೆಂದು ಯಾರಿಗೂ ತೋಚದು, ಅಷ್ಟೇ. ಸತ್ತ ಮೇಲೆ ಊರಿಗೆ ಊರೇ ಬಂತು. ಅದಕ್ಕೂ ಮುಂಚೆ ದಿನಾ ಬಂದು ಕೂತವರು ಹಿಂದಿನ ಬೀದಿಯ ಸುಂದ್ರಮ್ಮ ಒಬ್ಬರೇ. "'ನೀ ವಸಿ ಮಲೀಕವ್ವ, ನಾ ನೋಡ್ಕತೀನಿ' ಅನ್ನೋರು. ಆ ನಿದ್ದೆ ನಾ ಇವತ್ತಿಗೂ ಮರ್ತಿಲ್ಲ ಕಣ್ರೀ."

ಈಗ ಪುಟ್ಟಸಿದ್ದಮ್ಮನವರೂ ಸುತ್ತಲಿನ ಹಳ್ಳಿಯ ಕೆಲವು ಹೆಂಗಸರೂ ಅದನ್ನೇ ಮಾಡುತ್ತಾರೆ. ಹಾಸಿಗೆ ಹಿಡಿದವರ ಮೈ ಒರೆಸಿ, ಮಗ್ಗುಲು ಬದಲಿಸಿ, ಮನೆಯವರನ್ನು ಮಲಗಿಸುತ್ತಾರೆ. ತಿಥಿ ಮುಗಿದು ನೆಂಟರು ಚದುರಿದ ಮೇಲೂ ವರ್ಷ ತುಂಬುವ ತನಕ ಹೋಗಿ ಬರುತ್ತಾರೆ. ಯಾವ ಮನೆಯಿಂದಲೂ ಬಿಡಿಗಾಸು ತೆಗೆದುಕೊಳ್ಳುವುದಿಲ್ಲ. ಬೆನ್ನು ಹುಣ್ಣಾಗದಂತೆ ಹಾಸುವ ನೀರಿನ ಹಾಸಿಗೆ, ಆಟೊ ಬಾಡಿಗೆ, ಕೂಲಿ ಬಿಟ್ಟು ಬಂದವಳ ಮನೆಯ ಅಕ್ಕಿ ಎಲ್ಲವೂ ಸುಗ್ಗಿಯಲ್ಲಿ ಎತ್ತಿದ ಈ ಪಾಲಿನಿಂದಲೇ ನಡೆಯಬೇಕು. ಹೋದ ವರ್ಷ ಪಾಲು ಹುಟ್ಟದೆ ಕೆಲವು ಮನೆಗಳಿಗೆ ಹೋಗುವುದೇ ನಿಂತಿತು. ಈ ಸಲವೂ ಹಾಗಾದರೆ ಉಳಿದವೂ ನಿಲ್ಲುತ್ತವೆ.

ಹಿಂದಿನ ಕಣಗಳ ಮಾತು ಬಂದರೆ ಅವರ ಮುಖವೇ ಬೇರೆ. ಸಗಣಿ ಸಾರಿಸಿದ ನೆಲ, ಒಕ್ಕಣೆಯ ಗುಂಡು ಎಳೆಯುವ ಎತ್ತುಗಳ ಕೊರಳ ಗಂಟೆ, ಹೊಸ ಹುಲ್ಲಿನ ಘಮ. ಮೊದಲ ಕೊಳಗ ದೇವರಿಗೆ, ಆಮೇಲೆ ಕೈಯೊಡ್ಡಿದವರಿಗೆಲ್ಲ. "ಕಣದಲ್ಲಿ ಇಲ್ಲ ಅನ್ನೋ ಮಾತೇ ಇರ್ನಿಲ್ಲ. ಎಂಥಾ ಕಾಲ ಅದು!"

ಆದರೆ ರಾಶಿಯ ಮುಂದೆ ಸಾವಿನ ಮಾತು ಆಡಬಾರದು, ಅಪಶಕುನ. ಅದು ಗೊತ್ತಿದ್ದೂ ಮೊದಲ ವರ್ಷ, ದುಃಖದ ಭರದಲ್ಲಿ, "ಸಾಯೋರ ಮನೇಗೆ ಕೊಡ್ರಪ್ಪ" ಎಂದುಬಿಟ್ಟಿದ್ದರು. ರಾಶಿಯ ಯಜಮಾನಿ ಕಣದಿಂದಲೇ ಅಟ್ಟಿದ್ದಳು. ಅಂದಿನಿಂದ ಅವರು ಕೇಳುವುದು "ಜೊತೆ ಕೂರೋರ ಪಾಲು" ಎಂದು.

ಬಿಸಿಲು ಬಂದಿದೆ, ಮಷೀನು ಗುಡುಗುತ್ತಿದೆ. ಗದ್ದೆಯ ಯಜಮಾನ ಕಾಂತರಾಜು ಕೈ ಬಿಗಿಯ ಮನುಷ್ಯ, ಊರಿಗೆಲ್ಲ ಗೊತ್ತು. ಬದುವಿನ ಮೇಲೆ ನಿಂತ ಪುಟ್ಟಸಿದ್ದಮ್ಮನವರನ್ನು ಕಂಡವನೇ "ನಿಲ್ಸಯ್ಯ!" ಎಂದು ಕೂಗಿ, ನೆಲಕ್ಕೆ ಟಾರ್ಪಾಲು ಹಾಸುತ್ತಾನೆ.

"ಲೇಟಾಯ್ತದೆ ಸಾರ್, ಇನ್ನೊಂದು ಗದ್ದೆ ಅದೆ," ಎಂದು ಡ್ರೈವರ್ ಗೊಣಗುತ್ತಾನೆ.

"ಆಗ್ಲಿ ಬುಡಯ್ಯ. ಇಲ್ಲಿ ಸುರಿ."

ಭತ್ತ ನೆಲಕ್ಕೆ ಇಳಿಯುತ್ತದೆ, ಸಣ್ಣದೊಂದು ರಾಶಿಯಾಗುತ್ತದೆ. ಅದರ ಮುಂದೆಯೇ ಕಾಂತರಾಜು ಹೇಳಿಬಿಡುತ್ತಾನೆ: "ನಮ್ಮಪ್ಪ ಸಾಯೋವಾಗ ಈವಮ್ಮ ಕೈ ಹಿಡ್ಕಂಡು ಕೂತಿದ್ರು. ನಾನು ಎದ್ರುಕಂಡು ಜಗುಲೀಲಿ ಕೂತಿದ್ದೆ." ಪುಟ್ಟಸಿದ್ದಮ್ಮ ಗಾಬರಿಯಾಗಿ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಯಾರೂ ಯಾರನ್ನೂ ಬೈಯುವುದಿಲ್ಲ.

ಚೀಲ ತುಂಬುತ್ತದೆ, ಇನ್ನೊಂದನ್ನು ಅವನೇ ತರಿಸುತ್ತಾನೆ. ಚೀಲದ ಬಾಯಿ ಕಟ್ಟುತ್ತಾ ಪುಟ್ಟಸಿದ್ದಮ್ಮ ತಮಗೆ ತಾವೇ ಹೇಳಿಕೊಳ್ಳುವಂತೆ ಅನ್ನುತ್ತಾರೆ: "ಓದ ವರ್ಸ ನಾವು ಓಗಾದು ನಿಲ್ಸಿದ್ ಮನೇಲಿ ಆ ರುಕ್ಮಿಣಮ್ಮನ ಯಜಮಾನ್ರು ಜೊತೆಗೆ ಯಾರೂ ಇಲ್ದೆ ಒಬ್ರೇ ಓಗ್ಬುಟ್ರು. ಆವಮ್ಮ ಸುಸ್ತಾಗಿ ನಿದ್ದೆಗೆ ಜಾರಿದ್ದು ಒಂದು ಗಳಿಗೆ, ಅಷ್ಟ್ರಲ್ಲೇ. ಈ ವರ್ಸ ಯಾರ್ನೂ ಅಂಗೆ ಕಳ್ಸಾಕಿಲ್ಲ."