ಮಾಸ್ತರರ ಓಟು ಯಾರಿಗೆ?

ಗೆಳೆಯರೇ, ಕೇಳಿ ಇಲ್ಲಿ! ನಮ್ಮ ಮಂಡಲ ಪಂಚಾಯ್ತಿ ಚುನಾವಣೆಗೆ ನನ್ನ ಹೆಂಡತಿ ಗಂಗಮ್ಮ ನಿಂತಿದ್ದಾಳೆ, ಅದೂ ಗೌಡರ ಸೊಸೆಯ ವಿರುದ್ಧ! ಆ ಖುಷಿಯಲ್ಲಿ ಇವತ್ತು ಬೆಳಿಗ್ಗೆ, ಶಾಲಾ ಮಾಸ್ತರನಾದ ನಾನೇ ನಮ್ಮ ಮನೆಯ ಗೋಡೆಗೆ ಅವಳ ಗುರುತಾದ ಛತ್ರಿಯನ್ನು ನೀಲಿ ಬಣ್ಣದಲ್ಲಿ ಬರೆದೆ. ಬ್ರಷ್ ತೊಳೆಯುವಷ್ಟರಲ್ಲಿ, ಶಾಲೆ ತಪಾಸಣೆಗೆಂದು ಹಗರಿಬೊಮ್ಮನಹಳ್ಳಿಯಿಂದ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಎದುರಿಗೇ ನಿಂತಿದ್ದರು!

“ಏನ್ರಿ ಮಾಸ್ತರ್ರ, ಸರ್ಕಾರಿ ನೌಕರರು ನೀವು. ನಿಮ್ಮ ಮನಿ ಗ್ವಾಡಿ ಮ್ಯಾಲೆ ಚುನಾವಣಿ ಗುರುತು ಇರಂಗಿಲ್ಲ. ಪ್ರಚಾರನೂ ಮಾಡಂಗಿಲ್ಲ. ಅಳಿಸ್ರಿ!”

ಬರೆದ ಕೈಯಲ್ಲೇ ಸುಣ್ಣ ಬಳಿದೆ. ಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು.

“ಸಾಹೇಬ್ರ, ಇವ್ರು ಓಟಾದ್ರೂ ಹಾಕಬೋದೋ ಇಲ್ಲೋ?”

“ಹಾಕ್ಲಿ, ಅದು ಅವರ ಹಕ್ಕು. ಆದ್ರ ಯಾರಿಗೆ ಹಾಕ್ತೀನಿ ಅಂತ ಯಾರ ಮುಂದೂ ಹೇಳಂಗಿಲ್ಲ.”

“ನನ್ನ ಮುಂದೂ?”

“ನೀವು ಅಭ್ಯರ್ಥಿ ಅದೀರಿ ತಾಯಿ. ನಿಮ್ಮ ಮುಂದಂತೂ ಹೇಳಲೇಬಾರದು!”

ಅವಳು ನನ್ನ ಕಡೆ ತಿರುಗಿದಳು. “ಹೇಳ್ರಿ, ನಿಮ್ಮ ಓಟು ನನಗ ಹೌದಲ್ರಿ?”

ಸಾಹೇಬರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನೌಕರಿ ನೆನಪಾಯಿತು. ಸುಣ್ಣದ ಡಬ್ಬಿ ಎತ್ತಿಕೊಂಡು, ಬಳಿದ ಗೋಡೆಗೇ ಮತ್ತೊಮ್ಮೆ ಬಳಿಯತೊಡಗಿದೆ.

ಈಗ ಸಂಜೆ. ಗಂಗಮ್ಮ ಕಟ್ಟೆಯ ಮೇಲೆ ಕುಳಿತು ಓಣಿಯ ಮತದಾರರ ಪಟ್ಟಿಯಲ್ಲಿ ತನಗೆ ಓಟು ಹಾಕುವವರ ಹೆಸರಿಗೆ ಗುರುತು ಹಾಕುತ್ತಿದ್ದಾಳೆ. ಮೆಲ್ಲಗೆ ಇಣುಕಿ ನೋಡಿದೆ. ಗೌಡರ ಹೆಂಡತಿ, ಅಂದರೆ ಎದುರಾಳಿಯ ಸ್ವಂತ ಅತ್ತೆಯ ಹೆಸರಿಗೆ ಸರಿ ಗುರುತು ಬಿದ್ದಿದೆ. ನನ್ನ ಹೆಸರಿನ ಮುಂದೆ ಮಾತ್ರ ದೊಡ್ಡದೊಂದು ಪ್ರಶ್ನೆ ಚಿಹ್ನೆ!