ಕೆಂಪು ಹುಂಜ, ಪಟ್ಟೆಯ ಹೇಂಟೆ

ಆ ಭಾನುವಾರ ಅಕ್ಕ ಇಚಲಕರಂಜಿಯ ನಮ್ಮ ಹಿತ್ತಲಲ್ಲಿ ಕೂತು, ಹಿಂದಿನ ದಿನ ಪಟ್ಟೆ ಹೇಂಟೆಗಳ ಮೊಟ್ಟೆಯೊಡೆದು ಬಂದ ಮರಿಗಳನ್ನು ಬೇರ್ಪಡಿಸುತ್ತಿದ್ದಳು. ತಲೆಯ ಮೇಲೆ ಬಿಳಿ ಚುಕ್ಕಿ ಇದ್ದರೆ ಗಂಡು, ಪೂರಾ ಕಪ್ಪಿದ್ದರೆ ಹೆಣ್ಣು. ಅವಳು ನೋಡಿ ಕೊಡುವಳು, ನಾನು ಎರಡು ಬುಟ್ಟಿ ಹಿಡಿದು ನಿಲ್ಲುವೆ. ಮೊಟ್ಟೆಗಾಗಿ ಹೆಣ್ಣು ಮರಿ ಒಯ್ಯಲು ಬಂದಿದ್ದ ಪಕ್ಕದ ಮನೆಯ ಕಾಕು ನಗುತ್ತಿದ್ದರು.

"ಏನವ್ವಾ, ಜಾತಕಾ ನೋಡಿದಂಗ ನೋಡ್ತಿ! ಹುಂಜ ಆದ್ರ ತಂದು ನಿನ್ನ ಮಂಚದ ಕಾಲಿಗೆ ಕಟ್ತೇನಿ."

"ಕಟ್ರೀ ಕಾಕು, ಅಲಾರಾಂ ಆಗ್ತೈತಿ," ಅಂದಳು ಅಕ್ಕ. ಒಂದು ಚುಕ್ಕಿ ಮರಿಯನ್ನು ಕೆಳಗಿಡದೆ ಎದೆಗೆ ಆನಿಸಿಕೊಂಡೇ ಮಾತಾಡಿದಳು.

ಮರುದಿನ ಬೆಳಿಗ್ಗೆ ನೀರು ತುಂಬುವಾಗ ಅವಳಿಗೆ ಎದೆನೋವು ಬಂತು. ಕೊಲ್ಹಾಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಆ ಮರಿಯನ್ನು ನಾನು ಮಾರಲಿಲ್ಲ. ಅದು ಮೈತುಂಬ ಕಪ್ಪು ಬಿಳಿ ಪಟ್ಟೆಯ ಹುಂಜವಾಯಿತು. ಅಕ್ಕ ಗಡಹಿಂಗ್ಲಜದ ಸಂತೆಯಿಂದ ತಂದಿದ್ದ ಕೆಂಪು ಹುಂಜ ಮುದಿಯಾಗಿ ಸತ್ತಾಗ, ಮನೆಯಲ್ಲೇ ಇರುವಾಗ ಬೇರೆ ಯಾಕೆ ಎಂದು ಇದನ್ನೇ, ಜೊತೆಗೆ ಬೆಳೆದ ಕಪ್ಪು ಹೇಂಟೆಗಳ ನಡುವೆ ಬಿಟ್ಟೆ. ಮರಿಗಳಾದವು. ಚುಕ್ಕಿ ಇಲ್ಲದ ಆರನ್ನು ಹೆಣ್ಣೆಂದು ಕಾಕುಗೆ ಕೊಟ್ಟೆ.

ಕೆಲವು ತಿಂಗಳ ಮೇಲೆ ಕಾಕು ಬಾಗಿಲಲ್ಲಿ ನಿಂತರು.

"ತಂಗೀ, ನಿನ್ನ ಹೆಣ್ಣುಮಕ್ಕಳು ಮೂರು ಮಂದಿ ಕೂಗಾಕತ್ತಾರ." ಆಮೇಲೆ ದನಿ ಇಳಿಸಿ, "ನಿಮ್ಮಕ್ಕನ ಮಾತು ಒಂದ್ ಸಲಾನೂ ತಪ್ಪಿದ್ದಿಲ್ಲ ನೋಡು," ಅಂದರು.

ಹುಂಜಗಳಿಗಿಂತ ಆ ಮಾತೇ ನನ್ನನ್ನು ಕೂರಗೊಡಲಿಲ್ಲ. ಎಸ್‌ಟಿ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋದೆ. ಅಕ್ಕನಿಗೆ ಹುಂಜ ಕೊಡುತ್ತಿದ್ದ ಮುದುಕ ಸಂತೆಯಲ್ಲಿ ಸಿಕ್ಕ. ಎಲ್ಲ ಕೇಳಿಸಿಕೊಂಡ.

"ಅಕ್ಕಾರು ಕೆಂಪಂದು ಬಿಟ್ಟು ಬ್ಯಾರೆ ಮುಟ್ಟತಿದ್ದಿಲ್ರಿ. ತಾಯಿಗೆ ಪಟ್ಟಿ ಇರಬೇಕು, ತಂದಿಗೆ ಇರಬಾರದು. ಅಂದ್ರ ತಾಯಿ ಪಟ್ಟಿ ಬರೇ ಗಂಡು ಮರಿಗೆ ಹೋಗ್ತೈತಿ. ನೀವು ಉಲ್ಟಾ ಮಾಡೀರಿ. ತಂದಿ ಪಟ್ಟಿ ಗಂಡಿರಲಿ ಹೆಣ್ಣಿರಲಿ, ಅರ್ಧಕ್ಕ ಬರ್ತೈತಿ, ಅರ್ಧಕ್ಕ ಬರೂದಿಲ್ಲ. ಪಟ್ಟಿ ಬರೋ ಮರಿಗೇ ತಲಿ ಮ್ಯಾಲೆ ಚುಕ್ಕಿ. ಅದನ್ನ ನೋಡಿ ಏನ್ ಹೇಳ್ತೀರಿ?"

"ಆಕಿ ನನಗ ಇದನ್ನ ಹೇಳಿದ್ದಿಲ್ರಿ."

"ನೀವು ಕೇಳಿದ್ರೇನು?"

ಕೇಳಿರಲಿಲ್ಲ. ಇಷ್ಟು ವರ್ಷ ಬುಟ್ಟಿ ಹಿಡಿದು ನಿಂತಿದ್ದೆ, ಅಷ್ಟೇ.

ಕೆಂಪು ಹುಂಜ ತಂದು ಅಕ್ಕನ ಹಳೆಯ ಪಟ್ಟೆ ಹೇಂಟೆಗಳ ಜೊತೆ ಬಿಟ್ಟೆ. ಅವಳು ಎದೆಗೆ ಆನಿಸಿಕೊಂಡಿದ್ದ ಹುಂಜ ಈಗ ಬೇರೆ ಗೂಡಿನಲ್ಲಿದೆ. ಈ ಸಲ ಕಾಕುಗೆ ಕೊಟ್ಟ ಆರೂ ಮೊಟ್ಟೆ ಇಡುತ್ತಿವೆ.

ಈಗ ಚುಕ್ಕಿ ನಾನೇ ನೋಡುತ್ತೇನೆ. ಬುಟ್ಟಿಗಳನ್ನು ನೆಲದ ಮೇಲಿಡುತ್ತೇನೆ. ಹಿಡಿಯಲು ಯಾರೂ ಇಲ್ಲ.