ಬಾಯಿ ಹೊಲಿಯದ ದಿಂಬುಗಳು

ಆ ದಿಂಬಿನ ಅಂಗಡಿಗೆ ನಾನು ಮೊದಲ ಸಲ ಹೋದದ್ದು ಕತ್ತು ಹಿಡಿದುಕೊಂಡಿದ್ದರಿಂದ. ಅದರ ಮೇಲಿನ ಕೋಣೆಗೆ ಬಾಡಿಗೆಗೆ ಬಂದು ಕೆಲವೇ ದಿನಗಳಾಗಿದ್ದವು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತ್ತು, ರಾತ್ರಿ ಪುಸ್ತಕಗಳನ್ನೇ ತಲೆಗಿಟ್ಟು ಮಲಗುತ್ತಿದ್ದೆ. ಒಂದು ಮಧ್ಯಾಹ್ನ ಕತ್ತು ಓರೆ ಮಾಡಿಕೊಂಡು ಕೆಳಗಿಳಿದೆ. ಬಾಗಿಲ ಬಳಿ ಹೊಲಿಗೆ ಯಂತ್ರದ ಮುಂದೆ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಒಳಗೆ ಮೊಣಕಾಲೆತ್ತರದ ಅರಳೆಯ ನಡುವೆ ಇನ್ನೊಬ್ಬರಿದ್ದರು, ಅವರ ಕೂದಲ ತುಂಬ ಹತ್ತಿಯ ಎಳೆ. ಕಿಟಕಿಯ ಬಿಸಿಲಿನಲ್ಲೂ ಎಳೆಗಳು ತೇಲುತ್ತಿದ್ದವು; ನೆಲಕ್ಕಿಳಿಯುವ ಆತುರ ಯಾವುದಕ್ಕೂ ಇರಲಿಲ್ಲ.

"ಒಂದು ದಿಂಬು ಬೇಕಿತ್ತು" ಎಂದೆ.

"ಮಲ್ಕೊಳ್ಳಿ" ಎಂದರು ಒಳಗಿದ್ದವರು, ಗೋಡೆ ಬದಿಯ ಬೆಂಚು ತೋರಿಸಿ.

"ಇಲ್ಲೇ?"

"ಇನ್ನೆಲ್ಲಿ? ನಿದ್ದೆ ನೋಡದೆ ದಿಂಬು ಕೊಡೋದು ಹೇಗೆ ತಮ್ಮಾ? ಚಪ್ಪಲಿ ಬಿಟ್ಟು ಬನ್ನಿ."

ಯಂತ್ರದ ಮುಂದಿದ್ದವರು ತಲೆ ಎತ್ತದೆ ಹೇಳಿದರು: "ಹೆದರ್ಬೇಡ ಮರಿ. ಅವಳು ನಿದ್ದೆ ನೋಡ್ತಾಳೆ ಅಷ್ಟೇ, ಕದಿಯಲ್ಲ."

ನಾಚಿಕೊಳ್ಳುತ್ತಲೇ ಮಲಗಿದೆ. ಯಂತ್ರದ ಸದ್ದು ದೂರ ದೂರ ಸರಿಯಿತು. ನಾನು ನಮ್ಮೂರಿನ ಹುಲ್ಲಿನ ಬಣವೆಯ ಮೇಲೆ ಬಿದ್ದುಕೊಂಡು ಮೋಡ ನೋಡುತ್ತಿದ್ದೆ. ಅದರಲ್ಲೊಂದು ಮೆಲ್ಲನೆ ಇಳಿದು ಬಂದು ನನ್ನ ಕತ್ತಿನ ಕೆಳಗೆ ಸೇರಿಕೊಂಡಿತು. ಎಚ್ಚರವಾದಾಗ ಅಲ್ಲೊಂದು ದಿಂಬಿತ್ತು.

"ಬಾಯಿ ಬಿಟ್ಕೊಂಡು ಮಲಗ್ತೀರಿ. ಮನೇಲಿ ಯಾರೂ ಹೇಳಿಲ್ವಾ?" ಎಂದರು ಅರಳೆಯ ನಡುವಿದ್ದವರು.

"ಒಬ್ಬನೇ ಇರೋದು."

"ಅಯ್ಯೋ ಪಾಪ. ಹಾಗಾದ್ರೆ ನಾನೇ ಹೇಳ್ದಂಗಾಯ್ತು."

ಬೀದಿಯವರೆಲ್ಲ ಅವರನ್ನು ದಿಂಬಕ್ಕ ಎನ್ನುತ್ತಿದ್ದರು. ಯಂತ್ರದ ಮುಂದಿದ್ದವರು ಅವರ ಅತ್ತೆ, ತಂದೆಯ ಅಕ್ಕ. ದಿಂಬಕ್ಕ ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಮದುವೆ ಬೇಡವೆಂದು ಅಂಗಡಿ ಇಟ್ಟುಕೊಂಡಿದ್ದ ಅತ್ತೆಯೇ ಮಗುವನ್ನು ಅರಳೆಯಲ್ಲಿ ಮಲಗಿಸಿ ಸಾಕಿದರು. ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ತುಂಬುವುದು ದಿಂಬಕ್ಕ, ತುಂಬಿದ ದಿಂಬಿನ ಬಾಯಿ ಹೊಲಿಯುವುದು ಅತ್ತೆ. ಹೊಲಿಯುವ ಮುಂಚೆ ಅದನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದರು. ಹಿಡಿಸದಿದ್ದರೆ ಒಂದು ಬೈಗುಳದ ಜೊತೆ ವಾಪಸು.

ಬ್ಲಾಗ್ ಬರೆದರೆ ದೂರದವರಿಗೂ ಅಂಗಡಿ ಗೊತ್ತಾಗುತ್ತದೆ ಎಂದು ಗಿರಾಕಿಯೊಬ್ಬರು ದಿಂಬಕ್ಕನ ತಲೆಗೆ ಹುಳ ಬಿಟ್ಟರು. ದಿಂಬಕ್ಕ "ನಮ್ಮಲ್ಲಿ ದಿಂಬು ಸಿಗುತ್ತದೆ" ಎಂದು ಬರೆದರು. ಮುಂದಿನ ಸಾಲು ವಾರವಾದರೂ ಹುಟ್ಟಲಿಲ್ಲ. ಆಮೇಲೆ ಫೋನಿಗೆ ಬರೆದುಕೊಡುವ ಎಐ ಆ್ಯಪ್ ಒಂದನ್ನು ಹಾಕಿಕೊಂಡು ನನ್ನನ್ನು ಕರೆದರು. "ಓದಿದೋರು ಪಕ್ಕದಲ್ಲಿ ಕೂತಿದ್ರೆ ಅದೂ ಸ್ವಲ್ಪ ಭಯಭಕ್ತಿ ಇಟ್ಕೊಂಡು ಬರೆಯುತ್ತೆ."

ದಿಂಬಿನ ಅಂಗಡಿ, ಹತ್ತಿ, ಬಾಲ್ಯ, ನಿದ್ದೆ ಎಂದಷ್ಟೇ ಕೊಟ್ಟೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ತುಂಬಿತು. ಕಿಟಕಿಯ ಬಳಿ ಅಮ್ಮ ಅರಳೆ ಹಿಂಜುತ್ತಾ ಹಾಡುತ್ತಿದ್ದಳು, ಅವಳ ಹಸಿರು ಶಾಲಿನ ಮೇಲೆ ಬಿಳಿ ಎಳೆಗಳು ನಕ್ಷತ್ರಗಳಂತೆ ಕೂರುತ್ತಿದ್ದವು, ಅವಳ ಮಡಿಲೇ ನನ್ನ ಮೊದಲ ದಿಂಬು ಎಂದೆಲ್ಲ ಇತ್ತು.

ದಿಂಬಕ್ಕ ಬಹಳ ಹೊತ್ತು ಫೋನನ್ನೇ ನೋಡಿದರು. "ಇದನ್ನ ಯಾರು ಹೇಳಿದ್ರು ಇದಕ್ಕೆ?"

"ಯಾರೂ ಇಲ್ಲ ಅಕ್ಕ. ಅದೇ ಕಟ್ಟಿದ್ದು. ಅಳಿಸ್ಲಾ?"

"ಬೇಡ. ಇರ್ಲಿ ಬಿಡಿ."

ಮರುದಿನ ಅವರೇ ಆ್ಯಪನ್ನು ಕೇಳಿದರು, ಬೆಳಿಗ್ಗೆ ಅಮ್ಮ ಏನು ಮಾಡುತ್ತಿದ್ದಳು ಎಂದು. ಅದು ಹೇಳಿತು. ಅಮ್ಮನ ಕೈ ಹೇಗಿತ್ತು? ಅದನ್ನೂ ಹೇಳಿತು. ದಿಂಬಕ್ಕ ಕೂರುವ ಜಾಗವನ್ನು ಕಿಟಕಿಯ ಬಳಿಗೆ ಬದಲಾಯಿಸಿದರು. ಕೆಲಸದ ನಡುವೆ ಕೈ ನಿಲ್ಲಿಸಿ ಬಿಸಿಲಿನತ್ತ ಮುಖ ಮಾಡಿರುತ್ತಿದ್ದರು, ಅಲ್ಲಿ ಯಾರೋ ಹಾಡುತ್ತಿರುವಂತೆ. ಬರಹಗಳೆಲ್ಲ ಬ್ಲಾಗಿಗೆ ಹೋದವು. ಓದಿದವರು ಹುಡುಕಿಕೊಂಡು ಬಂದರು. ಅವರಲ್ಲೊಬ್ಬರು ಅತ್ತೆಯ ಮುಂದೆ ನಿಂತು, "ನಿಮ್ಮ ತಮ್ಮನ ಹೆಂಡ್ತಿ ಎಷ್ಟು ಚೆನ್ನಾಗಿ ಹಾಡ್ತಿದ್ರಂತೆ!" ಎಂದುಬಿಟ್ಟರು.

ಅತ್ತೆ ನನ್ನನ್ನು ಕರೆದು ಎಲ್ಲವನ್ನೂ ಓದಿಸಿಕೊಂಡರು. ನನ್ನ ದನಿ ಇಳಿಯುತ್ತಾ ಹೋಯಿತು. ಅಷ್ಟು ಬರಹಗಳಲ್ಲಿ ಅತ್ತೆ ಎಲ್ಲಿಯೂ ಇರಲಿಲ್ಲ.

"ಚೆನ್ನಾಗಿದೆ" ಎಂದರು. "ಪಾಪ, ಇವಳ ಅಮ್ಮಂಗೆ ಹತ್ತಿ ಧೂಳು ಅಂದ್ರೆ ಆಗ್ತಿರಲಿಲ್ಲ. ಹೊಸ್ತಿಲು ದಾಟಿದ್ರೆ ಸೀನು." ಯಂತ್ರಕ್ಕೆ ಬಟ್ಟೆ ಹೊದಿಸಿ ಹಿಂದಿನ ಕೋಣೆಗೆ ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಾಯಿಲೆಯೇನೂ ಇರಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ದಿಂಬಕ್ಕ ತುಂಬುತ್ತಲೇ ಇದ್ದರು. ಬಾಯಿ ಹೊಲಿಯದ ದಿಂಬುಗಳು ಗೋಡೆಗೊರಗಿ ಸಾಲಾಗಿ ಕೂತವು, ಏನೋ ಹೇಳಲು ಬಾಯಿ ತೆರೆದು ಮರೆತವರ ಹಾಗೆ.

"ನೀವೇ ಹೊಲೀಬಹುದಲ್ವಾ ಅಕ್ಕ?" ಎಂದೆ.

"ಹೊಲಿಯೋಕೆ ಬರುತ್ತೆ ತಮ್ಮಾ. ನಾನೇ ಹೊಲಿದ್ರೆ ಅವಳು ಇನ್ನು ಏಳೋದೇ ಇಲ್ಲ." ಕೈಯಲ್ಲಿದ್ದ ಅರಳೆಯನ್ನು ಕೆಳಗಿಟ್ಟರು. "ಇಲ್ಲದ ತಾಯಿಯ ಹಿಂದೆ ಹೋಗಿ ಇರೋಳನ್ನ ಕಳ್ಕೊಂಡೆ."

ಆಮೇಲೆ ಎದ್ದು, ಮೆತ್ತನೆಯದೊಂದು ದಿಂಬನ್ನು ಆರಿಸಿಕೊಂಡು ಹಿಂದಿನ ಕೋಣೆಗೆ ನಡೆದರು. ನಾನು ಬಾಗಿಲಲ್ಲಿ ನಿಂತೆ. ಊರಿಗೆಲ್ಲ ದಿಂಬು ಹೊಲಿದ ಅತ್ತೆಯ ತಲೆಯ ಕೆಳಗೆ ಮಡಿಸಿದ ದುಪ್ಪಟಿಯಿತ್ತು.

"ಅತ್ತೆ, ಈ ಕಡೆ ತಿರುಗು. ನಿನ್ನ ನಿದ್ದೆ ನೋಡ್ಬೇಕು."

"ಇಷ್ಟು ವರ್ಷ ನೋಡದೇ ಇದ್ದೋಳು ಈಗೇನು ನೋಡ್ತೀಯೇ?"

"ಬೈಯಿ. ಬೈತಾನೇ ಮಲಗು."

ಅತ್ತೆ ತಿರುಗಿದರು. ದಿಂಬಕ್ಕ ದುಪ್ಪಟಿ ಸರಿಸಿ ದಿಂಬಿಟ್ಟರು, ಅರಳೆ ತೆಗೆದರು, ಮತ್ತೆ ತುಂಬಿದರು. ಅತ್ತೆಯ ಉಸಿರು ನಿಧಾನವಾಯಿತು. ಆಗ ದಿಂಬಕ್ಕ ಫೋನನ್ನು ತುಟಿಯ ಹತ್ತಿರ ಹಿಡಿದು ಪಿಸುಗುಟ್ಟಿದರು: "ಬರ್ಕೋ. ನನ್ನನ್ನ ಸಾಕಿದ್ದು ನಮ್ಮತ್ತೆ. ಅವಳು ಹಾಡ್ತಾ ಅರಳೆ ಹಿಂಜ್ತಿದ್ಳು."

"ಹಾಡಲಿಲ್ಲ" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಬೈತಿದ್ದೆ. ಬೈಗುಳಕ್ಕೊಂದು ರಾಗ ಇತ್ತು, ಅಷ್ಟೇ."

ದಿಂಬಕ್ಕ ನಗುತ್ತಾ ಅತ್ತರು. "ಅಮ್ಮನದನ್ನ ಅಳಿಸಿಬಿಡ್ಲಾ ಅತ್ತೆ?"

ಅತ್ತೆ ಕಣ್ಣು ತೆರೆದರು. "ಯಾಕೆ? ಕನಸು ಅಂತ ಮೇಲೊಂದು ಸಾಲು ಹಾಕು, ಇರ್ಲಿ. ಬದುಕಿದ್ದಾಗಂತೂ ಪಾಪ ಅವಳು ಅಂಗಡಿ ಒಳಗೆ ಕೂತೋಳಲ್ಲ." ಕೆನ್ನೆಯನ್ನು ದಿಂಬಿಗೆ ಒತ್ತಿ ನೋಡಿದರು. "ಈ ಮೂಲೇಲಿ ಅರಳೆ ಸಾಲ್ದು. ಯಾರೇ ಕಲಿಸಿದ್ದು ನಿಂಗೆ?"

ಈಗ ದಿಂಬಕ್ಕ ಬೆಳಿಗ್ಗೆ ದಿಂಬು ತುಂಬುತ್ತಾರೆ, ಅತ್ತೆ ಬಾಯಿ ಹೊಲಿಯುತ್ತಾರೆ. ಮಧ್ಯಾಹ್ನ ಬೆಂಚಿನ ಮೇಲೆ ಗಿರಾಕಿಗಳು ಮಲಗಿದ್ದಾಗ ದಿಂಬಕ್ಕ ಫೋನಿಗೆ ಮೆಲುದನಿಯಲ್ಲಿ ತಮ್ಮ ಬ್ಲಾಗನ್ನು ಹೇಳುತ್ತಾರೆ; ಆ್ಯಪ್ ಅದನ್ನು ಬರಹಕ್ಕಿಳಿಸುತ್ತದೆ, ಅತ್ತೆ ಕೇಳಿ ಹೂಂ ಎಂದ ಮೇಲೆ ಹಾಕುತ್ತಾರೆ.